ಬಲೆ ಕತ್ತರಿಸಿದವನ ನಷ್ಟ ಯಾರ ಲೆಕ್ಕಕ್ಕೆ?

2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. ಹುಲಿ, ಆನೆಗಳಿಗಿದ್ದ ರಕ್ಷಣೆ ನಮ್ಮ ದೇಶದಲ್ಲಿ ಒಂದು ಮೀನಿಗೆ ಸಿಕ್ಕಿದ್ದು ಅದೇ ಮೊದಲು. ಅದಕ್ಕೂ ಮುಂಚೆ ಸೌರಾಷ್ಟ್ರದ ವೆರಾವಲ್ ಆಸುಪಾಸಿನಲ್ಲಿ ಜಗತ್ತಿನ ಈ ಅತಿದೊಡ್ಡ ಮೀನನ್ನು ನೂರಾರು ಸಂಖ್ಯೆಯಲ್ಲಿ ಬೇಟೆಯಾಡುತ್ತಿದ್ದರು. ಅದರ ಯಕೃತ್ತಿನ ಎಣ್ಣೆಯನ್ನು ನೀರು ಹಿಡಿಯದಂತೆ ದೋಣಿಯ ಮರಕ್ಕೆ ಬಳಿಯುತ್ತಿದ್ದರು, ಮಾಂಸ ಹೊರದೇಶಕ್ಕೆ ಹೋಗುತ್ತಿತ್ತು. ಮೈಕ್ ಪಾಂಡೆಯವರ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರ ಈ ಬೇಟೆಯನ್ನು ಬಯಲಿಗೆಳೆದ ಮೇಲೆ ಕಾನೂನು ಬಂತು. ಆದರೆ ಗೆಜೆಟ್‌ನಲ್ಲಿ ಅಚ್ಚಾದ ಮಾತ್ರಕ್ಕೆ ಕಾನೂನು ಸಮುದ್ರಕ್ಕೆ ಇಳಿಯುವುದಿಲ್ಲ. ದಡ ಕಾಣದಷ್ಟು ದೂರದಲ್ಲಿ, ಬಲೆಗೆ ಬಿದ್ದ ಮೀನನ್ನು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವವನು ಸಾಲ ಮಾಡಿ ಬಲೆ ಕೊಂಡ ಮೀನುಗಾರ; ಅಲ್ಲಿ ಅರಣ್ಯಾಧಿಕಾರಿ ಇರುವುದಿಲ್ಲ. ಕಡಲ ಜೀವವೈವಿಧ್ಯವನ್ನು ಉಳಿಸುವಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಕೆಲಸವಿರುವುದು ಇಲ್ಲೇ, ಕಾನೂನಿಗೂ ದೋಣಿಗೂ ನಡುವಿನ ಈ ಜಾಗದಲ್ಲಿ.

ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆ 2004ರಲ್ಲಿ ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಜೊತೆಗೂಡಿ ತಿಮಿಂಗಿಲ ಶಾರ್ಕ್ ಉಳಿಸುವ ಅಭಿಯಾನ ಶುರುಮಾಡಿದಾಗ ಮೊದಲು ಮಾಡಿದ್ದು ಊರೂರಿಗೆ ಹೋಗಿ ಮಾತಾಡುವ ಕೆಲಸ. ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳೆಂದು ಕರೆದರು. ಜೈಲು, ದಂಡದ ಬೆದರಿಕೆ ಮುಟ್ಟದ ಮನಸ್ಸುಗಳನ್ನು ಆ ಮಾತು ಮುಟ್ಟಿತು. ಆದರೂ ಹರಿದ ಬಲೆ ಭಾವನೆಯಿಂದ ಕೂಡಿಕೊಳ್ಳುವುದಿಲ್ಲ. ಮೀನನ್ನು ಬಿಡಲು ಬಲೆ ಕತ್ತರಿಸಿದವರಿಗೆ ರಾಜ್ಯ ಸರ್ಕಾರ 25,000 ರೂಪಾಯಿವರೆಗೆ ಪರಿಹಾರ ಕೊಡುವ ವ್ಯವಸ್ಥೆ ಬಂದದ್ದು ದೊಡ್ಡ ಹೆಜ್ಜೆ. ಅಲ್ಲೂ ಒಂದು ತೊಡಕಿತ್ತು: ಅಧಿಕಾರಿ ಬಂದು ನೋಡುವವರೆಗೆ ಕಾದರೆ ಮೀನು ಬಲೆಯಲ್ಲೇ ಒದ್ದಾಡಬೇಕು, ದೋಣಿಯ ದಿನದ ದುಡಿಮೆ ಹಾಳಾಗಬೇಕು. ಅದಕ್ಕೆ ಸಂಸ್ಥೆ ಮೀನುಗಾರರ ಕೈಗೇ ನೀರು ನುಗ್ಗದ ಕ್ಯಾಮೆರಾ ಕೊಟ್ಟಿತು. ಬಲೆಯಲ್ಲಿ ಸಿಕ್ಕ ಮೀನು, ಬಲೆ ಕತ್ತರಿಸಿದ್ದು, ಮೀನು ಹೊರಟುಹೋದದ್ದು, ಇಷ್ಟರ ಚಿತ್ರವಿದ್ದರೆ ಪರಿಹಾರಕ್ಕೆ ಅದೇ ಸಾಕ್ಷಿ. ಹೀಗೆ ಗುಜರಾತಿನಲ್ಲಿ 900ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳು ಜೀವಂತ ಕಡಲಿಗೆ ಮರಳಿವೆ. ಮೀನುಗಾರನ ಮಾತನ್ನು ನಂಬುವ ಈ ಏರ್ಪಾಡು ಇಲಾಖೆಯೊಂದರಿಂದಲೇ ಹುಟ್ಟುತ್ತಿತ್ತೆಂದು ನನಗನ್ನಿಸುವುದಿಲ್ಲ.

ಇಂಥ ಸಂಸ್ಥೆಗಳ ಮೇಲಿನ ಆಕ್ಷೇಪಗಳಿಗೂ ಬಲವಿದೆ. ಮಿಠಾಪುರದ ಕಡಲಂಚಿನಲ್ಲಿ ಸೋಡಾ ಆಶ್ ಕಾರ್ಖಾನೆ ನಡೆಸುವ ಟಾಟಾ ಕೆಮಿಕಲ್ಸ್ ಕಂಪನಿಯ ಹಣದಲ್ಲಿ ಕಡಲ ರಕ್ಷಣೆಯೇ ಎಂದು ಕೇಳುವುದು ತಪ್ಪಲ್ಲ. ದೇಣಿಗೆ ಪಡೆದ ಸಂಸ್ಥೆ ದಾನಿಯ ಬಗ್ಗೆ ಮೌನ ವಹಿಸುವ ಅಪಾಯ ಎಲ್ಲೆಡೆ ಇದೆ. ಯಾರಿಂದ ಎಷ್ಟು ಬಂತೆಂಬ ಲೆಕ್ಕ ಬಹಿರಂಗವಾಗಿರಬೇಕು. ನೋಡಲು ಚೆಂದದ ದೊಡ್ಡ ಜೀವಿಗಷ್ಟೇ ಹಣ ಹರಿಯುತ್ತದೆ, ಹವಳ, ಸೀಗಡಿಮರಿ, ಕಾಂಡ್ಲಾ ಗಿಡದ ಬೇರನ್ನು ಕೇಳುವವರಿಲ್ಲ ಎಂಬುದೂ ನಿಜ. ಇದೆಲ್ಲ ಸರ್ಕಾರದ ಹೊಣೆಯಲ್ಲವೇ ಎಂಬುದು ಇನ್ನೂ ಗಟ್ಟಿ ಪ್ರಶ್ನೆ. ಹೌದು, ಹೊಣೆ ಸರ್ಕಾರದ್ದೇ. ಅದಕ್ಕೇ ಗುಜರಾತಿನ ಉದಾಹರಣೆ ಮುಖ್ಯ: ಅಲ್ಲಿ ಪರಿಹಾರದ ಹಣ ಬರುವುದು ಸರ್ಕಾರದ ಖಜಾನೆಯಿಂದ. ಸಂಸ್ಥೆ ದಾರಿ ಹುಡುಕಿತು, ಖರ್ಚನ್ನು ರಾಜ್ಯ ಹೊತ್ತುಕೊಂಡಿತು. ದಾನಿಯ ಆಸಕ್ತಿ ಮುಗಿದ ದಿನವೇ ನಿಂತುಹೋಗುವ ಯೋಜನೆಯಿಂದ ಕಡಲಿಗೆ ಪ್ರಯೋಜನವಿಲ್ಲ. ಇನ್ನು ವಿದೇಶಿ ಹಣದ ಅನುಮಾನ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ಅಂಥ ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಇದರ ಪೆಟ್ಟು ಬೀಳುವುದು ದೆಹಲಿಯ ದೊಡ್ಡ ಸಂಸ್ಥೆಗಳಿಗಿಂತ ಹೆಚ್ಚಾಗಿ, ರಾತ್ರಿಯಿಡೀ ಆಮೆ ಮೊಟ್ಟೆ ಕಾಯುವ ಊರಿನ ಸಣ್ಣ ತಂಡಗಳಿಗೆ. ಸ್ಥಳೀಯ ದೇಣಿಗೆ ಆ ಜಾಗ ತುಂಬಬೇಕು.

ಕಾರವಾರ, ಮಲ್ಪೆ, ಮಂಗಳೂರಿನ ದೋಣಿಗಳು ಬಲೆ ಬೀಸುವುದೂ ಅದೇ ಅರಬ್ಬಿ ಸಮುದ್ರಕ್ಕೆ. ಕಡಲಿನ ಹೆಸರಿನಲ್ಲಿ ಹಣ ಕೇಳುವವರು ನಿಮ್ಮ ಬಾಗಿಲಿಗೆ ಬಂದಾಗ ಕೊಡಿ. ಕೊಡುವ ಮೊದಲು, ಬಲೆ ಕತ್ತರಿಸಿದ ಮೀನುಗಾರನಿಗೆ ಅವರ ಯೋಜನೆಯಲ್ಲಿ ಏನಿದೆ ಎಂದು ಕೇಳಿ.