ಸಾರ್ಕ್ ಸನ್ನದಿಗೆ ತಿದ್ದುಪಡಿ ಕೋರಿ ಸಂಸದೀಯ ಸ್ಥಾಯಿ ಸಮಿತಿಗೆ ಮನವಿ

ಬೆಂಗಳೂರು
8 ಡಿಸೆಂಬರ್ 2025

ಇವರಿಗೆ:
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ವಿದೇಶಾಂಗ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ,
ಸಂಸತ್ ಭವನ, ನವದೆಹಲಿ

ವಿಷಯ: ಸಾರ್ಕ್ ಒಕ್ಕೂಟದ ಸದಸ್ಯತ್ವ, ಗೈರುಹಾಜರಿ ಮತ್ತು ಅಮಾನತಿನ ಬಗ್ಗೆ ಸನ್ನದಿನಲ್ಲಿ ಸ್ಪಷ್ಟ ನಿಯಮ ಸೇರಿಸಲು ಭಾರತ ಸರ್ಕಾರ ಮುಂದಾಗುವಂತೆ ಶಿಫಾರಸು ಮಾಡಲು ಕೋರಿಕೆ.

ಮಾನ್ಯರೇ,

ಈ ಮನವಿಗೆ ಸಹಿ ಹಾಕಿರುವ ನಾವು ಬೆಂಗಳೂರು ಮತ್ತು ಮೈಸೂರಿನ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿರುವ, ಕಲಿಸಿ ನಿವೃತ್ತರಾದ ಅಧ್ಯಾಪಕರು. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ದಕ್ಷಿಣ ಏಷ್ಯಾದ ಏಳು ದೇಶಗಳ ನಾಯಕರು ಸಾರ್ಕ್ ಸನ್ನದಿಗೆ ಸಹಿ ಹಾಕಿದರು. ಅದಕ್ಕೆ ಇಂದು ನಲವತ್ತು ವರ್ಷ. ಮರುವರ್ಷದ ನವೆಂಬರ್‌ನಲ್ಲಿ ಎರಡನೇ ಶೃಂಗಸಭೆ ಸೇರಿದ್ದು ಬೆಂಗಳೂರಿನಲ್ಲಿ. ಕಠ್ಮಂಡುವಿನಲ್ಲಿ ಸಚಿವಾಲಯ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇಲ್ಲೇ. ಹೀಗಾಗಿ ಈ ಊರಿನವರಿಗೆ ಸಾರ್ಕ್ ಬರೀ ಪಠ್ಯಪುಸ್ತಕದ ಅಧ್ಯಾಯವಲ್ಲ. ಮನವಿಯನ್ನು ಕನ್ನಡದಲ್ಲೇ ಬರೆದಿದ್ದೇವೆ. ಸಂವಿಧಾನದ 350ನೇ ವಿಧಿ ಆ ಹಕ್ಕನ್ನು ಕೊಟ್ಟಿದೆ. ಭಾಷಾಂತರದ ಶ್ರಮವನ್ನು ತಮ್ಮ ಕಚೇರಿ ವಹಿಸಿಕೊಳ್ಳಬೇಕೆಂದು ಕೋರುತ್ತೇವೆ.

ಸನ್ನದು ಚಿಕ್ಕದು, ಒಟ್ಟು ಹತ್ತು ವಿಧಿಗಳು. ಉದ್ದೇಶ, ತತ್ವ, ಸಭೆ, ಸಮಿತಿ, ಸಚಿವಾಲಯ, ಹಣಕಾಸು ಎಲ್ಲವೂ ಅದರಲ್ಲಿವೆ. ಹೊಸ ದೇಶವೊಂದು ಸೇರಬೇಕಾದರೆ ಇರಬೇಕಾದ ಅರ್ಹತೆ ಏನು? ಒಂದು ದೇಶ ಹೊರಹೋಗಬೇಕೆಂದರೆ ಹೇಗೆ? ಸೇನೆ ಸರ್ಕಾರವನ್ನು ಉರುಳಿಸಿದರೆ ಆ ದೇಶದ ಕುರ್ಚಿಯಲ್ಲಿ ಯಾರು ಕೂರಬೇಕು? ಇವಕ್ಕೆ ಸನ್ನದಿನಲ್ಲಿ ಉತ್ತರವಿಲ್ಲ. ಇರುವುದು ಹತ್ತನೇ ವಿಧಿಯ ಎರಡು ಮಾತು ಮಾತ್ರ: ಎಲ್ಲ ಹಂತದ ನಿರ್ಣಯಗಳೂ ಸರ್ವಾನುಮತದಿಂದ ಆಗಬೇಕು, ದ್ವಿಪಕ್ಷೀಯ ಹಾಗೂ ವಿವಾದಿತ ವಿಷಯಗಳನ್ನು ಚರ್ಚೆಗೆ ತರಬಾರದು.

ನಿಯಮವಿಲ್ಲದ ಕಡೆ ರೂಢಿ ಬೆಳೆಯಿತು. ಒಬ್ಬರು ಬರುವುದಿಲ್ಲವೆಂದರೆ ಶೃಂಗಸಭೆಯೇ ನಿಲ್ಲುವುದು ಆ ರೂಢಿ. 1991ರಲ್ಲಿ ಭೂತಾನದ ದೊರೆ ಬರಲಾಗದೆ ಕೊಲಂಬೊ ಸಭೆ ಮುಂದಕ್ಕೆ ಹೋಯಿತು. 1999ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ, ಆ ವರ್ಷ ಕಠ್ಮಂಡುವಿನಲ್ಲಿ ಆಗಬೇಕಿದ್ದ ಸಭೆ ನಡೆದದ್ದು 2002ರ ಜನವರಿಯಲ್ಲಿ. 2005ರ ಫೆಬ್ರುವರಿಯಲ್ಲಿ ನೇಪಾಳದ ದೊರೆ ಸರ್ಕಾರವನ್ನು ಕಿತ್ತುಹಾಕಿ ಅಧಿಕಾರ ಹಿಡಿದಾಗ ಭಾರತ ಢಾಕಾಕ್ಕೆ ಹೋಗಲಿಲ್ಲ, ಆ ಸಭೆ ನವೆಂಬರ್‌ಗೆ ಜಾರಿತು. ಉರಿ ದಾಳಿಯ ನಂತರ 2016ರ ಇಸ್ಲಾಮಾಬಾದ್ ಸಭೆಯೂ ರದ್ದಾಯಿತು. ಭಾರತದ ಜೊತೆ ಬಾಂಗ್ಲಾದೇಶ, ಭೂತಾನ, ಅಫ್ಗಾನಿಸ್ತಾನಗಳೂ ಹಿಂದೆ ಸರಿದಿದ್ದವು. ಅಲ್ಲಿಂದ ಇಲ್ಲಿಯವರೆಗೆ ಒಂದು ಶೃಂಗಸಭೆಯೂ ಇಲ್ಲ. ಕೊನೆಯದು, ಹದಿನೆಂಟನೆಯದು, ನಡೆದದ್ದು 2014ರ ನವೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ. ವರ್ಷಕ್ಕೊಮ್ಮೆ ಸೇರಬೇಕೆಂದು ಮೂರನೇ ವಿಧಿ ಹೇಳುತ್ತದೆ. ಅದು ಆಗುವ ಮಾತಲ್ಲವೆಂದು 2014ರ ಘೋಷಣೆ ಎರಡು ವರ್ಷಕ್ಕೊಮ್ಮೆ ಎಂದು ಸಡಿಲಿಸಿತು. ಸಡಿಲಿಸಿದ ಮೇಲೆ ಒಮ್ಮೆಯೂ ಸೇರಲಿಲ್ಲ.

ಈ ಪಟ್ಟಿ ಕೊಟ್ಟಿರುವುದು ದೂರಲು ಅಲ್ಲ. ಉರಿಯನ್ನಾಗಲಿ, ಈ ವರ್ಷದ ಏಪ್ರಿಲ್‌ನ ಪಹಲ್ಗಾಮ್ ದಾಳಿಯನ್ನಾಗಲಿ ಮರೆತು ಕೈಕುಲುಕಿ ಎಂದು ನಾವು ಕೇಳುತ್ತಿಲ್ಲ. ತಪ್ಪು ಮಾಡಿದ ಸದಸ್ಯನನ್ನು ಶಿಕ್ಷಿಸುವ ವಿಧಿ ಇಲ್ಲದ್ದರಿಂದ ಶಿಕ್ಷೆ ಇಡೀ ಒಕ್ಕೂಟಕ್ಕೆ ಬೀಳುತ್ತಿದೆ ಎಂಬುದನ್ನು ತೋರಿಸಲು ಕೊಟ್ಟಿದ್ದೇವೆ. ಇಸ್ಲಾಮಾಬಾದಿನ ಮೇಲಿನ ಸಿಟ್ಟಿಗೆ ಥಿಂಪು, ಮಾಲೆಗಳೂ ಒಂಬತ್ತು ವರ್ಷದಿಂದ ಬೆಲೆ ತೆರುತ್ತಿವೆ.

ಹಾಗಾಗಿ ನಮ್ಮ ಮೊದಲ ಹಕ್ಕೊತ್ತಾಯ ಅಮಾನತಿನ ಬಗ್ಗೆ. ವಿಶ್ವಸಂಸ್ಥೆಯ ಸನ್ನದಿನ ನಾಲ್ಕನೇ ವಿಧಿ ಸೇರ್ಪಡೆಗೆ, ಐದನೆಯದು ಅಮಾನತಿಗೆ, ಆರನೆಯದು ಉಚ್ಚಾಟನೆಗೆ ಮೀಸಲು. ಆಫ್ರಿಕಾ ಒಕ್ಕೂಟ ಇನ್ನೂ ನೇರ: ಸಂವಿಧಾನಬಾಹಿರವಾಗಿ ಅಧಿಕಾರಕ್ಕೆ ಬಂದ ಸರ್ಕಾರ ಒಕ್ಕೂಟದ ಚಟುವಟಿಕೆಗಳಲ್ಲಿ ಭಾಗವಹಿಸುವಂತಿಲ್ಲ ಎನ್ನುತ್ತದೆ ಅದರ ಸ್ಥಾಪನಾ ಕಾಯಿದೆಯ 30ನೇ ವಿಧಿ. 2021ರಲ್ಲಿ ಸುಡಾನ್, 2023ರಲ್ಲಿ ನೈಜರ್ ಅದೇ ನಿಯಮದಡಿ ಹೊರಗೆ ನಿಂತವು; ಉಳಿದ ದೇಶಗಳ ಸಭೆ ನಿಲ್ಲಲಿಲ್ಲ. ಸೇನಾ ದಂಗೆಗಳು ಅದರಿಂದ ನಿಂತವೇ ಎಂದು ಕೇಳಿದರೆ, ಇಲ್ಲ. ಆದರೆ ಒಕ್ಕೂಟ ಉಳಿಯಿತು. ದಕ್ಷಿಣ ಏಷ್ಯಾಕ್ಕೂ ಇಂಥದೊಂದು ವಿಧಿ ಬೇಕು. ಗಡಿಯಾಚೆಯ ಭಯೋತ್ಪಾದನೆಗೆ ಬೆಂಬಲವನ್ನೂ ಅದರಲ್ಲಿ ಕಾರಣವಾಗಿ ಸೇರಿಸಬೇಕು. 1987ರಲ್ಲಿ ಎಲ್ಲ ಸದಸ್ಯರೂ ಭಯೋತ್ಪಾದನೆ ನಿಗ್ರಹದ ಸಾರ್ಕ್ ಒಡಂಬಡಿಕೆಗೆ ಸಹಿ ಹಾಕಿದ್ದಾರಾದ್ದರಿಂದ ತಾತ್ವಿಕವಾಗಿ ಇದು ಹೊಸ ಮಾತೇನಲ್ಲ.

ಅಫ್ಗಾನಿಸ್ತಾನದ ಪ್ರಶ್ನೆ ಇದಕ್ಕೇ ಅಂಟಿಕೊಂಡಿದೆ. ಆ ದೇಶವನ್ನು ಸೇರಿಸಿಕೊಳ್ಳಲು 2005ರ ಢಾಕಾ ಸಭೆ ಒಪ್ಪಿತು, 2007ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಅದು ಎಂಟನೇ ಸದಸ್ಯನಾಯಿತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲಿಗೆ ಬಂದಿತು. ಮುಂದಿನ ತಿಂಗಳು ನ್ಯೂಯಾರ್ಕಿನಲ್ಲಿ ಸೇರಬೇಕಿದ್ದ ಸಾರ್ಕ್ ವಿದೇಶಾಂಗ ಸಚಿವರ ಸಭೆ ಆ ಒಂದು ಕುರ್ಚಿಯ ತಕರಾರಿನಲ್ಲೇ ರದ್ದಾಯಿತು. ವಿಶ್ವಸಂಸ್ಥೆಯಲ್ಲಿ ಇಂಥ ತಕರಾರು ಪ್ರತಿನಿಧಿಗಳ ಅಧಿಕಾರಪತ್ರ ಪರಿಶೀಲಿಸುವ ಸಮಿತಿಗೆ ಹೋಗುತ್ತದೆ. ಆ ಸಮಿತಿ ತೀರ್ಮಾನವನ್ನು ಮುಂದೂಡುತ್ತಾ ಬಂದಿದೆ ನಿಜ, ಆದರೂ ಮಹಾಧಿವೇಶನ ನಡೆಯುತ್ತದೆ. ಕಠ್ಮಂಡು ಸಚಿವಾಲಯಕ್ಕೂ ಅಂಥ ಸಮಿತಿ ಕೊಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಫ್ಗನ್ ವಿದ್ಯಾರ್ಥಿಗಳ ಆತಂಕವನ್ನು 2021ರಲ್ಲಿ ನಮ್ಮಲ್ಲಿ ಹಲವರು ಹತ್ತಿರದಿಂದ ಕಂಡಿದ್ದೇವೆ. ಸರ್ಕಾರ ಬಿದ್ದರೂ ಪ್ರಜೆಗಳಿಗೆ ಸಿಗುವ ಸಾರ್ಕ್ ಸೌಲಭ್ಯ ಬೀಳಬಾರದು ಎಂಬ ಒಂದು ವಾಕ್ಯ ಆ ವಿಧಿಯಲ್ಲಿ ಇರಲೇಬೇಕು.

ಎರಡನೆಯದು ಸರ್ವಾನುಮತ. ಸನ್ನದಿನ ತಿದ್ದುಪಡಿ, ಹೊಸ ಸದಸ್ಯರ ಸೇರ್ಪಡೆ, ಭದ್ರತೆಯ ವಿಷಯಗಳಲ್ಲಿ ಅದು ಉಳಿಯಲಿ. ಸಭೆಯ ದಿನಾಂಕ, ಸ್ಥಳ, ತಾಂತ್ರಿಕ ಯೋಜನೆಗಳಿಗೆ ಮೂರನೇ ಎರಡು ಬಹುಮತ ಸಾಕು, ಅಂದರೆ ಎಂಟರಲ್ಲಿ ಆರು. ಆತಿಥೇಯ ದೇಶಕ್ಕೆ ಹೋಗಲು ಆರು ಮಂದಿ ಒಪ್ಪದಿದ್ದರೆ ಸಭೆ ತಾನಾಗಿ ಕಠ್ಮಂಡುವಿಗೆ ವರ್ಗವಾಗಬೇಕು. ಭಾರತವೂ ಒಮ್ಮೊಮ್ಮೆ ಸೋಲಬಹುದಾದ ನಿಯಮವಿದು, ಅದನ್ನು ಮುಚ್ಚಿಡುವುದಿಲ್ಲ. ಈ ಒಂದು ಬೇಡಿಕೆಯ ಬಗ್ಗೆ ಸಹಿದಾರರಲ್ಲೇ ಒಮ್ಮತವಿಲ್ಲ. ಪ್ರದೇಶದ ಜನಸಂಖ್ಯೆಯ ಬಹುಪಾಲನ್ನು ಹೊಂದಿದ ದೇಶ ತನ್ನ ನಿಷೇಧಾಧಿಕಾರವನ್ನು ಬಿಟ್ಟುಕೊಡಬಾರದು ಎಂದು ನಮ್ಮಲ್ಲಿ ಕೆಲವರ ವಾದ. ಅವರ ಭಿನ್ನಮತವನ್ನು ಇಲ್ಲೇ ದಾಖಲಿಸಿ, ಬಹುಮತದಿಂದ ಬೇಡಿಕೆಯನ್ನು ಉಳಿಸಿಕೊಂಡಿದ್ದೇವೆ.

ತಿದ್ದುಪಡಿಗೂ ಸರ್ವಾನುಮತವೇ ಬೇಕು, ಪಾಕಿಸ್ತಾನ ಒಪ್ಪೀತೇ ಎಂದು ಸಮಿತಿ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಸನ್ನದಿನ ಏಳನೇ ವಿಧಿಯನ್ನು ತೋರಿಸುತ್ತೇವೆ. ಎರಡಕ್ಕಿಂತ ಹೆಚ್ಚು, ಆದರೆ ಎಲ್ಲರೂ ಅಲ್ಲದ ಸದಸ್ಯರು ಕೂಡಿ ಮಾಡುವ ಯೋಜನೆಗಳಿಗೆ ಕ್ರಿಯಾ ಸಮಿತಿ ರಚಿಸಲು ಅದು 1985ರಿಂದಲೇ ದಾರಿ ಬಿಟ್ಟಿದೆ. 2014ರಲ್ಲಿ ಮೋಟಾರು ವಾಹನ ಮತ್ತು ರೈಲು ಒಪ್ಪಂದಗಳಿಗೆ ಪಾಕಿಸ್ತಾನ ಸಿದ್ಧವಿರಲಿಲ್ಲ, ಇಂಧನ ಒಪ್ಪಂದವೊಂದೇ ದಾಟಿತು. 2015ರ ಜೂನ್‌ನಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ ಮೋಟಾರು ವಾಹನ ಒಪ್ಪಂದವನ್ನು ಥಿಂಪುವಿನಲ್ಲಿ ತಾವೇ ಮಾಡಿಕೊಂಡವು, ಸಾರ್ಕ್ ಸೂರಿನ ಹೊರಗೆ. ಸೂರಿನೊಳಗೇ ಆಗಬಹುದಿತ್ತು ಎಂಬುದು ನಮ್ಮ ಅಭಿಪ್ರಾಯ. ಭೂತಾನದ ಮೇಲ್ಮನೆ ಆ ಒಪ್ಪಂದವನ್ನು ತಡೆದದ್ದು ಬೇರೆ ಕಥೆ. ಅಲ್ಲಿ ಉಳಿದ ಮೂವರು ಮುಂದುವರಿಯಲಿ ಎಂದು ಭೂತಾನವೇ ಹೇಳಿತು. ತಾನು ಬಾರದೆಯೂ ಇತರರನ್ನು ತಡೆಯದಿರುವ ಆ ನಡೆಯನ್ನು ನಿಯಮವಾಗಿ ಬರೆಯಿರಿ ಎಂಬುದೇ ಮೂರನೇ ಬೇಡಿಕೆ.

ವೀಕ್ಷಕರ ಬಗ್ಗೆ ಎರಡು ಮಾತು. ಸದಸ್ಯರು ಎಂಟು, ವೀಕ್ಷಕರು ಒಂಬತ್ತು: ಚೀನಾ, ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ, ಇರಾನ್, ಆಸ್ಟ್ರೇಲಿಯಾ, ಮಾರಿಷಸ್, ಮ್ಯಾನ್ಮಾರ್ ಮತ್ತು ಐರೋಪ್ಯ ಒಕ್ಕೂಟ. ಮ್ಯಾನ್ಮಾರ್ 2008ರಲ್ಲೇ ಪೂರ್ಣ ಸದಸ್ಯತ್ವಕ್ಕೆ ಅರ್ಜಿ ಹಾಕಿದೆ. ಹೌದೆನ್ನಲೂ ಅಲ್ಲವೆನ್ನಲೂ ಮಾನದಂಡವೇ ಇಲ್ಲ. ಆಸಿಯಾನ್ ತನ್ನ ಸನ್ನದಿನಲ್ಲಿ ಭೌಗೋಳಿಕ ಸ್ಥಾನ ಮತ್ತು ಹೊಣೆಗಾರಿಕೆಯ ಷರತ್ತುಗಳನ್ನು ಬರೆದಿಟ್ಟಿದೆ. ಅವನ್ನು ದಾಟಿ ಪೂರ್ವ ತಿಮೋರ್ ಈ ಅಕ್ಟೋಬರ್‌ನಲ್ಲಿ ಹನ್ನೊಂದನೇ ಸದಸ್ಯನಾಯಿತು. ಅಂಥ ಷರತ್ತುಗಳು ನಮಗೂ ಬೇಕು.

ಬಂಗಾಳ ಕೊಲ್ಲಿ ದೇಶಗಳ ಒಕ್ಕೂಟ ಬಿಮ್‌ಸ್ಟೆಕ್ ಇದೆಯಲ್ಲ ಎಂಬ ಉತ್ತರ ದೆಹಲಿಯಿಂದ ಮತ್ತೆ ಮತ್ತೆ ಕೇಳಿಬರುತ್ತದೆ. 2022ರಲ್ಲಿ ಕೊಲಂಬೊದಲ್ಲಿ ಸಹಿಯಾಗಿ 2024ರ ಮೇ 20ರಂದು ಜಾರಿಗೆ ಬಂದ ಅದರ ಸನ್ನದು ಹೊಸ ಸದಸ್ಯರ ಸೇರ್ಪಡೆಗೆ ದಾರಿ ಬರೆದಿದೆ, ಸಂತೋಷ. ಆದರೆ ಅಲ್ಲಿ ಮಾಲ್ದೀವ್ಸ್ ಇಲ್ಲ, ಅಫ್ಗಾನಿಸ್ತಾನ ಇಲ್ಲ. ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ಅವುಗಳ ನಡುವಿನ ವ್ಯಾಪಾರ ಶೇ 5ರ ಆಸುಪಾಸು ಎಂದು ವಿಶ್ವ ಬ್ಯಾಂಕ್ ಹೇಳುತ್ತಾ ಬಂದಿದೆ. 2006ರಲ್ಲಿ ಜಾರಿಗೆ ಬಂದ ಸಾಫ್ಟಾ ಮುಕ್ತ ವ್ಯಾಪಾರ ಒಪ್ಪಂದ ಅದನ್ನು ಮೇಲೆತ್ತಲಿಲ್ಲ. ಒಂದು ಒಕ್ಕೂಟ ಕೆಲಸ ಮಾಡದಿದ್ದಾಗ ಮತ್ತೊಂದನ್ನು ಕಟ್ಟುವ ಚಾಳಿಗೆ ಕೊನೆಯಿಲ್ಲ.

ಆದಕಾರಣ ಮಾನ್ಯ ಸಮಿತಿಯು ಈ ವಿಷಯವನ್ನು ಪರಿಶೀಲನೆಗೆ ಎತ್ತಿಕೊಂಡು, ವಿದೇಶಾಂಗ ಸಚಿವಾಲಯದಿಂದ ಲಿಖಿತ ಅಭಿಪ್ರಾಯ ಪಡೆದು, ತಿದ್ದುಪಡಿಯ ಕರಡನ್ನು ಭಾರತದ ಪರವಾಗಿ ಸಾರ್ಕ್ ಸ್ಥಾಯಿ ಸಮಿತಿಯ ಮುಂದಿಡಲು ಶಿಫಾರಸು ಮಾಡಬೇಕೆಂದು ವಿನಂತಿ. ಕರಡಿನ ಹತ್ತನೇ ವಿಧಿಗೆ ನಾವು ಸೂಚಿಸುವ ಪದಗಳನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದ್ದೇವೆ. ಸಮಿತಿ ಕರೆದರೆ ಇಬ್ಬರು ಪ್ರತಿನಿಧಿಗಳು ಸ್ವಂತ ಖರ್ಚಿನಲ್ಲಿ ದೆಹಲಿಗೆ ಬರುತ್ತಾರೆ. ಅವರಲ್ಲಿ ಒಬ್ಬರು ಭಿನ್ನಮತದವರು.

ಇಂತಿ ತಮ್ಮ ವಿಶ್ವಾಸಿಗಳು,
ಕೆಳಗೆ ಸಹಿ ಮಾಡಿರುವ ಅಧ್ಯಾಪಕರು