ಗ್ಲೌಸ್ ಹಾಕಿದರೆ ಕಿಲೋ ಕಡಿಮೆ

ಮೂಡುಬಿದಿರೆ, ಕಾರ್ಕಳ ಸೀಮೆಯಲ್ಲಿ ‘ಬೀಜದ ಫ್ಯಾಕ್ಟರಿ’ ಎಂದರೆ ಗೇರುಬೀಜದ್ದೇ. ಅಲ್ಲಿ ದುಡಿಯುವವರು ಹೆಚ್ಚಾಗಿ ಹೆಂಗಸರು. ಸಿಪ್ಪೆ ಸೀಳುವ ಕಟ್ಟಿಂಗಿನವರನ್ನು ಕೈ ನೋಡಿಯೇ ಗುರುತಿಸಬಹುದು: ಬೆರಳ ತುದಿ ಕಪ್ಪು, ಉಗುರಿನ ಬುಡದಲ್ಲಿ ಸುಲಿದ ಚರ್ಮ.

ಇದು ಸಿಪ್ಪೆಯೊಳಗಿನ ಎಣ್ಣೆಯ ಕೆಲಸ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮವನ್ನು ಸುಡುತ್ತವೆ. ಬೀಜವನ್ನು ಹಬೆಯಲ್ಲಿ ಬೇಯಿಸಿ ಆರಿಸಿದ ಮೇಲೂ, ಪೆಡಲ್ ತುಳಿದು ಸೀಳುವಾಗ ಎಣ್ಣೆ ಜಿನುಗಿ ಬೆರಳಿಗೆ ಹತ್ತುತ್ತದೆ, ಕೆಲವೊಮ್ಮೆ ಕಣ್ಣಿಗೂ ಸಿಡಿಯುತ್ತದೆ.

ಗ್ಲೌಸ್ ಕೊಟ್ಟರೂ ಹಾಕುವುದಿಲ್ಲ ಎನ್ನುವುದು ಮಾಲೀಕರ ಮಾತು. ಅದರಲ್ಲಿ ಸುಳ್ಳಿಲ್ಲ. ಅವರ ಕಷ್ಟವೂ ನಿಜವೇ. ಹಸಿಬೀಜದ ದೊಡ್ಡ ಪಾಲು ಆಫ್ರಿಕದಿಂದ ಬರಬೇಕು, ಎದುರಿಗೆ ಯಂತ್ರ ನಂಬಿದ ವಿಯೆಟ್ನಾಂ ಇದೆ, ಇಡೀ ಬೀಜ ತುಂಡಾದರೆ ದರ ಬಿದ್ದುಹೋಗುತ್ತದೆ. ದಪ್ಪ ಗ್ಲೌಸಿನಲ್ಲಿ ಬೀಜದ ಅಂದಾಜು ಸಿಗದೆ ತುಂಡು ಹೆಚ್ಚುತ್ತದೆ.

ಆದರೆ ಹೆಂಗಸರು ಯಾಕೆ ಹಾಕುವುದಿಲ್ಲ? ಕೂಲಿ ಕಿಲೋ ಲೆಕ್ಕದಲ್ಲಿ. ಬೆವರಿಗೆ ಜಾರುವ ಗ್ಲೌಸ್ ಹಾಕಿಕೊಂಡರೆ ಸಂಜೆಯ ತೂಕ ಇಳಿಯುತ್ತದೆ. ಹಾಗಾಗಿ ಎಣ್ಣೆಯನ್ನೋ ಬೂದಿಯನ್ನೋ ಬಳಿದುಕೊಂಡು ಬರಿಗೈಯಲ್ಲೇ ಕೂರುತ್ತಾರೆ. ಬಳಿದ ಎಣ್ಣೆ ಸುಡುವುದನ್ನು ಸ್ವಲ್ಪ ತಡೆಯುತ್ತದೆ ನಿಜ, ದಿನವಿಡೀ ತಡೆಯುವುದಿಲ್ಲ. ಇದನ್ನು ಅಜ್ಞಾನ ಎನ್ನಲು ನನಗೆ ಮನಸ್ಸಿಲ್ಲ. ಮನೆ ನಡೆಸುವವಳು ಹಾಕಿದ ಲೆಕ್ಕ ಅದು.

ಯಂತ್ರ ಬಂದರೆ ಸುಡುವುದು ಬಹಳ ಕಡಿಮೆಯಾಗುತ್ತದೆ. ಜೊತೆಗೆ ಕಟ್ಟಿಂಗ್ ಕೆಲಸವೂ ಹೋಗುತ್ತದೆ. ಮನೆಗೆ ಹತ್ತಿರ, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಹಿಂತಿರುಗಬಹುದಾದ ಇನ್ನೊಂದು ಕೆಲಸ ಅವರಿಗೆ ಸುಲಭವಾಗಿ ಸಿಗುವುದಿಲ್ಲ. ಯಂತ್ರದಲ್ಲಿ ಸರಿಯಾಗಿ ಸೀಳದ ಬೀಜಗಳನ್ನು ಚೂರಿಯಿಂದ ಬಿಡಿಸಲು ಮತ್ತೆ ಕೈಯೇ ಬೇಕು.

ಎರಡೂ ಕಡೆ ತೂಗಿದ ಮೇಲೂ ನನಗೆ ಮೊದಲು ಬದಲಾಗಬೇಕೆನಿಸುವುದು ಕೂಲಿಯ ಕಿಲೋ ದರ. ಬೆರಳಿಗೆ ಒಪ್ಪುವ ತೆಳು ಗ್ಲೌಸ್ ಹರಿದಾಗಲೆಲ್ಲ ಹೊಸದು ಸಿಗಬೇಕು. ಸೋಪು ಹಚ್ಚಿ ಕೈ ತೊಳೆಯುವ ಹೊತ್ತೂ ಕೂಲಿಯ ಲೆಕ್ಕಕ್ಕೆ ಸೇರಬೇಕು. ಇದರ ಹೊರೆ ಮಾಲೀಕರೊಬ್ಬರದೇ ಆಗಬಾರದು, ಖರೀದಿದಾರರೂ ಹೊರಬೇಕು.

ರಾಸಾಯನಿಕ ತಾಗಿ ಬರುವ ಚರ್ಮದುರಿ ಹಿಂದಿನ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿತ್ತು. ಕಾರ್ಖಾನೆಯ ಕೆಲಸಗಾರರಲ್ಲಿ ಅದನ್ನು ಕಂಡ ವೈದ್ಯರು ಕಾರ್ಖಾನೆಗಳ ಇಲಾಖೆಗೆ ವರದಿ ಮಾಡಬೇಕಿತ್ತು. ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚಿಕೊಂಡವಳ ಕೈ ಮಾತ್ರ ಯಾವ ವರದಿಗೂ ಸೇರುವುದಿಲ್ಲ.