ಎತ್ತಿದ್ದಕ್ಕೆ ಎಷ್ಟು ಕೊಡ್ತಾರೆ?

ಇತ್ತೀಚೆಗೆ ಒಂದು ವಿಚಾರ ಸಂಕಿರಣದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಸಂಜೆಯ ಗೋಷ್ಠಿಗೆ ಇರುವುದಿಲ್ಲ, ಜಿಮ್‌ಗೆ ಹೋಗಬೇಕು ಎಂದು ಗೆಳತಿಗೆ ಹೇಳಿದ್ದು ಹಿಂದೆ ನಿಂತಿದ್ದ ಹಿರಿಯರೊಬ್ಬರ ಕಿವಿಗೆ ಬಿತ್ತು. ಅವರು ನಕ್ಕು, "ಅಲ್ಲಮ್ಮಾ, ನಮ್ಮ ಹಿರಿಯರು ಯಾವ ಜಿಮ್‌ಗೆ ಹೋಗಿದ್ರು? ಹೊಲದಲ್ಲಿ ದುಡಿದರು, ರಾಗಿ ಬೀಸಿದರು, ನೀರು ಸೇದಿದರು. ಕಲ್ಲಿನ ಹಾಗೆ ಇದ್ದರು" ಎಂದರು. ಸುತ್ತಲಿದ್ದವರು ತಲೆದೂಗಿದರು. ನಾನೂ ನಕ್ಕು ತಟ್ಟೆ ಹಿಡಿದು ಮುಂದೆ ಹೋದೆ.

ಆ ನಗುವಿಗೆ ಈಗ ನಾಚಿಕೆಯಾಗುತ್ತಿದೆ. ಐದು ವರ್ಷದ ಪಿಎಚ್‌ಡಿ ಬದುಕಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೇಳಿದವರು ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರೇ. ಅಂದು ಸಾಲಿನಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತೇನೆ.

ನನ್ನ ಹಿರಿಯರ ಪೈಕಿ ನನಗೆ ಚೆನ್ನಾಗಿ ಗೊತ್ತಿರುವವರು ನನ್ನ ಅಪ್ಪ. ಮಧ್ಯ ಕರ್ನಾಟಕದ ಒಂದು ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವರು. ಮೆಕ್ಕೆಜೋಳದ ಸುಗ್ಗಿಯಲ್ಲಿ ಬೆಳಗ್ಗೆ ಆರಕ್ಕೆ ಹೋದರೆ ಲಾರಿ ತುಂಬುವ ತನಕ ಮನೆಗೆ ಬರುವ ಮಾತಿಲ್ಲ. ಕೂಲಿ ಚೀಲದ ಲೆಕ್ಕ. ಅವರು ಕೆಲಸಕ್ಕೆ ಸೇರಿದಾಗ ಕ್ವಿಂಟಾಲ್ ಚೀಲಗಳೂ ಇದ್ದವಂತೆ, ಇಬ್ಬರು ಎತ್ತಿ ಒಬ್ಬರ ಬೆನ್ನಿಗೆ ಹೊರಿಸುತ್ತಿದ್ದರಂತೆ. ಆಮೇಲೆ ಅದು ಐವತ್ತು ಕಿಲೋಗೆ ಇಳಿಯಿತು. ಚೀಲ ಸಣ್ಣದಾದಷ್ಟೂ ಹಲಗೆ ಹತ್ತಿ ಇಳಿಯುವುದು ಹೆಚ್ಚಾಯಿತು. ಅಪ್ಪನಿಗೆ ಈಗ 57. ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿದೆ. ನೆಲದ ಮೇಲೆ ಕೂತು ಉಣ್ಣಲಾರರು. ನನ್ನ ಫೆಲೋಶಿಪ್ಪಿನ ಮೊದಲ ಕಂತು ಬಂದಾಗ ನಾನು ಪುಸ್ತಕ ಕೊಳ್ಳಲಿಲ್ಲ. ಅಪ್ಪನಿಗೆ ಕುಕ್ಕರುಗಾಲಲ್ಲಿ ಕೂರಲಾಗುತ್ತಿರಲಿಲ್ಲ, ಮನೆಗೆ ಕಮೋಡ್ ಹಾಕಿಸಿದೆ.

'ಕಲ್ಲಿನ ಹಾಗೆ ಇದ್ದರು' ಎನ್ನುವವರು ಕಲ್ಲೂ ಸವೆಯುತ್ತದೆ ಎಂಬುದನ್ನು ಮರೆತಿರುತ್ತಾರೆ.

ದುಡಿತವೇ ವ್ಯಾಯಾಮ ಎಂಬ ಮಾತು ಕೇಳಲು ಇಂಪಾಗಿದೆ, ದೇಹದ ಲೆಕ್ಕದಲ್ಲಿ ಸುಳ್ಳು. ಸ್ನಾಯು ಬಲಗೊಳ್ಳುವುದು ಭಾರ ಎತ್ತುವ ಗಳಿಗೆಯಲ್ಲಿ ಅಲ್ಲವೇ ಅಲ್ಲ. ಎತ್ತಿದ ಮೇಲೆ, ಉಂಡು ಮಲಗಿದಾಗ. ನಾನು ಜಿಮ್‌ನಲ್ಲಿ ಐದು ಸಲ ಎತ್ತುತ್ತೇನೆ, ಮೂರು ನಿಮಿಷ ಸುಧಾರಿಸಿಕೊಳ್ಳುತ್ತೇನೆ, ಮತ್ತೆ ಐದು. ನಾಳೆ ಆ ಸ್ನಾಯುಗಳಿಗೆ ರಜೆ. ಅಪ್ಪ ಒಂದೇ ಹೆಗಲ ಮೇಲೆ ದಿನಕ್ಕೆ ನೂರಾರು ಸಲ ಹೊತ್ತರು, ಮರುದಿನವೂ ಹೊತ್ತರು. ವಿಶ್ರಾಂತಿ ಎಷ್ಟು ಹೊತ್ತು ಎಂಬುದು ಲಾರಿ ಡ್ರೈವರನ ಅವಸರಕ್ಕೆ ಬಿಟ್ಟಿದ್ದು. ಬೇಳೆ, ಮೊಟ್ಟೆ ಎಷ್ಟು ಎಂಬುದು ಆ ದಿನದ ಕೂಲಿಗೆ ಬಿಟ್ಟಿದ್ದು. ಒಬ್ಬ ವಯಸ್ಕ ಗಂಡಾಳು ಕೈಯಾರೆ ಸಾಗಿಸುವ ಭಾರ 55 ಕಿಲೋ ಮೀರುತ್ತಿದ್ದರೆ ಅದನ್ನು ಇಳಿಸಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶಿಫಾರಸು ಮಾಡಿದ್ದು 1967ರಲ್ಲಿ. ಅದಾಗಿ ದಶಕಗಳ ಮೇಲೂ ಅಪ್ಪನ ಬೆನ್ನ ಮೇಲೆ ಕ್ವಿಂಟಾಲ್ ಚೀಲ ಏರುತ್ತಿತ್ತು.

ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಇದನ್ನೇ 'ದೈಹಿಕ ಚಟುವಟಿಕೆಯ ವಿರೋಧಾಭಾಸ' ಎಂಬ ಹೆಸರಿನಲ್ಲಿ ಚರ್ಚಿಸಿದ್ದಾರೆ. ಬಿಡುವಿನ ವೇಳೆಯಲ್ಲಿ ಮಾಡುವ ದೇಹಶ್ರಮ ಹೃದಯಕ್ಕೆ ಒಳ್ಳೆಯದು. ಕೂಲಿಗಾಗಿ ಮಾಡುವ ಭಾರೀ ಶ್ರಮದಿಂದ ಆ ಲಾಭ ಸಿಗುವುದಿಲ್ಲ, ಕೆಲವೊಮ್ಮೆ ಕೇಡೇ ಆಗುತ್ತದೆ ಎಂಬುದು ಅವರ ವಾದ. ದೀರ್ಘ ಹೊತ್ತು, ಸುಧಾರಿಸಿಕೊಳ್ಳಲು ಸಮಯವಿಲ್ಲದಿರುವುದು, ಯಾವಾಗ ನಿಲ್ಲಿಸಬೇಕೆಂಬುದು ತನ್ನ ಕೈಯಲ್ಲಿ ಇಲ್ಲದಿರುವುದು ಕಾರಣಗಳೆನ್ನುತ್ತಾರೆ. ವಾದವಿವಾದ ಇನ್ನೂ ನಡೆದಿದೆ. ನಮ್ಮ ಮನೆಯಲ್ಲಿ ಮಾತ್ರ ಅದು ಯಾವತ್ತೋ ಇತ್ಯರ್ಥವಾಗಿದೆ.

ಇಲ್ಲಿಗೆ ನನ್ನ ಮೊದಲ ಜಗಳ ಮುಗಿಯಿತು. ಎರಡನೆಯದು ಜಿಮ್‌ನವರ ಜೊತೆಗೇ.

ನಾನು ಜಿಮ್‌ಗೆ ಹೋದದ್ದು ಆಸೆಯಿಂದಲ್ಲ. ಮೂರು ವರ್ಷ ಕೂತು ಓದಿ ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು, "ಮಾತ್ರೆ ಸಾಕು, ಬೆನ್ನಿಗೆ ಬಲ ಬರಿಸಿಕೊಳ್ಳಿ" ಎಂದರು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲೂ ಇದೆ. ಸರಿ, ಹೇಗೆ ಮಾಡುವುದು? ಎಲ್ಲರಂತೆ ಫೋನು ತೆರೆದೆ. ರೀಲಿನಲ್ಲಿ ಒಬ್ಬ ಕಿರುಚುತ್ತಿದ್ದ: ಸಾಕು ಅನ್ನಬೇಡ. ಇನ್ನೊಬ್ಬ: ನೋವೇ ನಿನ್ನ ಗುರು. ಮತ್ತೊಬ್ಬಳು: ನಿನ್ನೆ ತಿಂದ ಹೋಳಿಗೆಯನ್ನು ಇವತ್ತು ತೀರಿಸು. ಅವರು ಹೇಳಿದ್ದನ್ನೆಲ್ಲ ಮಾಡಿದೆ. ಮರುದಿನ ಲೈಬ್ರರಿಯ ಮೆಟ್ಟಿಲು ಹತ್ತಲಾಗಲಿಲ್ಲ. ಎರಡು ಸಲ ಬಿಟ್ಟೆ. ಬಿಟ್ಟಾಗೆಲ್ಲ ನನ್ನಲ್ಲಿ ಪ್ರೇರಣೆಯಿಲ್ಲ, ನಾನು ಸೋಮಾರಿ ಎಂದು ನನ್ನನ್ನೇ ಬೈದುಕೊಂಡೆ.

ಈಗ ಅನಿಸುತ್ತದೆ, ಆ ದನಿ ನನಗೆ ಹೊಸದೇನಲ್ಲ. ಯಾರ್ಡಿನಲ್ಲಿ ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ಕೇಳಿಸಿಕೊಂಡಿದ್ದೆ. 'ಸಾಕು' ಎನ್ನಲು ಬಿಡದ ದನಿ ಅದು. ಅಪ್ಪನ ಕಾಲದಲ್ಲಿ ಅದು ಹೊರಗೆ ನಿಂತು ಕೂಗುತ್ತಿತ್ತು. ಈಗಿನ ಪ್ರೇರಣೆಯ ವ್ಯಾಪಾರಿಗಳು ಅದನ್ನು ನಮ್ಮ ತಲೆಯೊಳಗೇ ಕೂರಿಸುತ್ತಾರೆ. ತಿಂಗಳ ಶುಲ್ಕ ಕಟ್ಟಿ ನಮ್ಮ ಮೇಲೆ ನಾವೇ ಮೇಸ್ತ್ರಿಯನ್ನು ನೇಮಿಸಿಕೊಳ್ಳುತ್ತೇವೆ. ಹೀಗೆ ಎತ್ತಿದರೆ ಜಿಮ್ ಕೂಡ ಹಮಾಲಿಯೇ, ಕೂಲಿ ಇಲ್ಲದ ಹಮಾಲಿ. ಅಂಥ ಕಡೆಯಿಂದ ಜನ ಮೂರನೇ ವಾರಕ್ಕೆ ಓಡಿಹೋದರೆ ಅದಕ್ಕೆ ಸೋಮಾರಿತನ ಎಂದು ಹೆಸರಿಡಬಾರದು.

ನನ್ನನ್ನು ಉಳಿಸಿದ್ದು ದೈಹಿಕ ಶಿಕ್ಷಣ ವಿಭಾಗದ ಒಬ್ಬ ಗೆಳತಿಯ ಒಂದು ಮಾತು: "ಇನ್ನೂ ಎರಡು ಸಲ ಎತ್ತಬಹುದು ಅನ್ನಿಸ್ತಿರುವಾಗಲೇ ಕೆಳಗಿಡು." ರೀಲಿನವರು ಹೇಳಿದ್ದಕ್ಕೆ ಇದು ತದ್ವಿರುದ್ಧ. ಅವಳು ಬರೀ ಬಾರ್ ಕೊಟ್ಟಳು, 20 ಕಿಲೋ. ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದಳು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ತೂಕ, ಎಷ್ಟು ಸಲ ಎಂದಷ್ಟೇ ಬರೆಯಲು ಹೇಳಿದಳು. ಸೊಂಟದ ಸುತ್ತಳತೆ ಬೇಡ, ಫೋಟೊ ಬೇಡ. ಮುಂದಿನ ವಾರ 22.5. ಅದರ ಮುಂದಿನ ವಾರ 25. ಮೊದಲ ವಾರಗಳಲ್ಲಿ ಸ್ನಾಯು ಅಷ್ಟೇನೂ ದಪ್ಪವಾಗುವುದಿಲ್ಲ, ಇರುವ ಸ್ನಾಯುವನ್ನೇ ಒಟ್ಟಾಗಿ ದುಡಿಸಿಕೊಳ್ಳುವುದನ್ನು ನರಮಂಡಲ ಕಲಿಯುತ್ತಿರುತ್ತದೆ ಎಂದು ಅವಳೇ ವಿವರಿಸಿದಳು. ಅಂದರೆ ನಾನು ಮಾಡುತ್ತಿದ್ದದ್ದು ಕಲಿಕೆ. ಅಕ್ಷರ ಕಲಿತಂತೆ, ಸೈಕಲ್ ಕಲಿತಂತೆ. ಕಲಿಯುವುದರಲ್ಲಿ ಸುಖವಿದೆ ಎಂದು ಸಂಶೋಧನಾ ವಿದ್ಯಾರ್ಥಿಗೆ ಯಾರೂ ಹೇಳಿಕೊಡಬೇಕಿಲ್ಲ.

ಒಂದು ಮಾತು ನಿಜ ಹೇಳಲೇ? ನನ್ನ ಪ್ರಬಂಧದ ಮೂರನೇ ಅಧ್ಯಾಯ ಎರಡು ವರ್ಷದಿಂದ ತಿದ್ದುಪಡಿಯಲ್ಲಿದೆ. ಅದು ಮುಂದೆ ಹೋಗಿದೆಯೋ ಹಿಂದೆ ಬಂದಿದೆಯೋ ನನಗೂ ಗೊತ್ತಿಲ್ಲ. ಬಾರ್ ನೆಲದಿಂದ ಎದ್ದಿತೋ ಇಲ್ಲವೋ ಎಂಬುದಕ್ಕೆ ಮಾತ್ರ ಯಾವ ಸಮಿತಿಯ ಒಪ್ಪಿಗೆಯೂ ಬೇಡ. ಎರಡೂವರೆ ಕಿಲೋದ ಆ ಸಣ್ಣ ಖುಷಿಗಾಗಿ ಮಂಗಳವಾರ, ಗುರುವಾರ, ಶನಿವಾರ ಕಾಯತೊಡಗಿದೆ. ಪ್ರೇರಣೆ ಬಂದ ಮೇಲೆ ನಾನು ಎತ್ತಲು ಶುರುಮಾಡಲಿಲ್ಲ. 'ಸಾಕು' ಎನ್ನುವ ಅಧಿಕಾರ ನನ್ನ ಕೈಗೆ ಬಂದ ಮೇಲೆ, ನಾಳೆ ಮತ್ತೆ ಎತ್ತಬೇಕು ಎಂಬ ಆಸೆ ತಾನಾಗಿ ಬಂತು. ಜಿಮ್‌ಗೆ ಹೋಗಲು ಮನಸ್ಸೇ ಬರುವುದಿಲ್ಲ ಎನ್ನುವ ಗೆಳೆಯ ಗೆಳತಿಯರಿಗೆ ನನ್ನಲ್ಲಿರುವ ಗುಟ್ಟು ಇಷ್ಟೇ: ಮನಸ್ಸನ್ನು ಬೈಯಬೇಡಿ. ಅರ್ಧ ಹಸಿವಿರುವಾಗ ತಟ್ಟೆಯಿಂದ ಎದ್ದರೆ ಮುಂದಿನ ಊಟ ರುಚಿಸುವ ಹಾಗೆ, ಭಾರವನ್ನೂ ಸ್ವಲ್ಪ ಉಳಿಸಿ ಬನ್ನಿ.

ಎಂಟು ತಿಂಗಳಿಗೆ ಡೆಡ್‌ಲಿಫ್ಟ್ 60 ಕಿಲೋ ಮುಟ್ಟಿತು. ಅಪ್ಪನ ಚೀಲಕ್ಕಿಂತ ಹತ್ತು ಕಿಲೋ ಜಾಸ್ತಿ. ಆ ರಾತ್ರಿಯೇ ಫೋನು ಮಾಡಿದೆ.

"ಅಪ್ಪಾ, ಇವತ್ತು ಅರವತ್ತು ಕೆಜಿ ಎತ್ತಿದೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಎತ್ತಿದ್ದಕ್ಕೆ ಎಷ್ಟು ಕೊಡ್ತಾರವ್ವಾ?"

"ಕೊಡಲ್ಲಪ್ಪ. ನಾವೇ ಕೊಡಬೇಕು."

"ಭಾರ ಎತ್ತಾಕ ನಾವ ರೊಕ್ಕ ಕೊಡಬೇಕಾ?"

ಅಪ್ಪ ನಕ್ಕರು, ನಾನೂ ನಕ್ಕೆ. ಫೋನಿಟ್ಟ ಮೇಲೆ ಅತ್ತೆ. ಅಪ್ಪ ಬೆನ್ನು ಬಗ್ಗಿಸಿದ್ದು ಮಗಳು ಭಾರ ಎತ್ತಬಾರದೆಂದು. ಮಗಳು ರೊಕ್ಕ ಕೊಟ್ಟು ಎತ್ತುತ್ತಿದ್ದಾಳೆ, ಅದನ್ನು ಸಂಭ್ರಮದಿಂದ ಹೇಳುತ್ತಲೂ ಇದ್ದಾಳೆ. ಮುಂದಿನ ಎರಡು ವಾರ ನಾನು ಜಿಮ್‌ಗೆ ಹೋಗಲಿಲ್ಲ. ಪ್ರೇರಣೆಯ ಬಗ್ಗೆ ಬರೆಯುವವರು ಈ ನಾಚಿಕೆಯ ಬಗ್ಗೆ ಬರೆಯುವುದಿಲ್ಲ, ಏಕೆಂದರೆ ಅವರ ಮನೆಗಳಲ್ಲಿ ಯಾರೂ ಹೊಟ್ಟೆಪಾಡಿಗೆ ಭಾರ ಹೊತ್ತಿರುವುದಿಲ್ಲ.

ನಾಚಿಕೆಗೆ ಇನ್ನೊಂದು ಮೂಲವೂ ಇದೆ, ಅದು ನಮ್ಮ ಸಾಹಿತ್ಯದ ಓಣಿ. ಇಲ್ಲಿ ದೇಹ ಎಂಬ ಪದ ಪ್ರತಿ ಪ್ರಬಂಧದಲ್ಲೂ ಬರುತ್ತದೆ. ದೇಹವನ್ನು ಗುಡಿಯಾಗಿ ಕಂಡ ವಚನಕಾರರ ಬಗ್ಗೆ ಎರಡು ದಿನ ಗೋಷ್ಠಿ ನಡೆಸುತ್ತೇವೆ. ದೇಹವಿರುವ ಮನುಷ್ಯ ಬಾಗಿಲಲ್ಲಿ ನಿಂತರೆ ನಗುತ್ತೇವೆ. ತೋಳು ದಪ್ಪಗಿದ್ದರೆ ತಲೆ ತೆಳ್ಳಗಿರುತ್ತದೆ ಎಂಬ ನಂಬಿಕೆ. ಹೆಣ್ಣಾಗಿದ್ದರೆ ಗಂಡುಬೀರಿ ಎಂಬ ಪದ ತಯಾರಾಗಿಯೇ ಇರುತ್ತದೆ. ಆದರೆ 'ಶಾಂತಲಾ' ಮತ್ತು 'ರೂಪದರ್ಶಿ' ಎಂಬ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಯಾರು? ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಅಂಗಸಾಧನೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಅಂಚೆಯ ಮೂಲಕ ದೂರದೂರದವರಿಗೆ ವ್ಯಾಯಾಮ ಕಲಿಸಿದವರು. ಡಂಬೆಲ್ ಹಿಡಿದ ಕೈಯೇ ಕನ್ನಡದ ಕಾದಂಬರಿಯನ್ನೂ ಬರೆದಿದೆ. ನಮ್ಮಲ್ಲಿ ಕಾದಂಬರಿಕಾರ ಅಯ್ಯರ್ ಬಗ್ಗೆ ಮಾತಾಡುವವರು ವ್ಯಾಯಾಮಶಾಲೆಯನ್ನು ಒಂದು ತಮಾಷೆಯ ಅಡಿಟಿಪ್ಪಣಿ ಮಾಡಿಬಿಡುತ್ತಾರೆ.

ನನ್ನ ಮಾತಿಗೆ ಎದುರು ಮಾತಿದೆ, ಗೊತ್ತು. ಜಿಮ್ ಉಳ್ಳವರ ಬಿಡುವಿನ ಆಟವಲ್ಲವೇ? ಹೌದು, ಇವತ್ತಿನ ಮಟ್ಟಿಗೆ ಬಹುಪಾಲು ಹಾಗೇ ಇದೆ. ಹಳೆಯ ಗರಡಿಯೂ ಎಲ್ಲರದಾಗಿರಲಿಲ್ಲ. ಅದರ ಹೊಸ್ತಿಲು ಬಹುಪಾಲು ಕಡೆ ಹೆಣ್ಣಿಗೆ ತೆರೆದಿರಲಿಲ್ಲ. ಹನ್ನೆರಡನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಜಟ್ಟಿಗಳ ಸಾಮು, ಆಹಾರ, ಪಟ್ಟುಗಳ ವಿವರ 'ಮಲ್ಲವಿನೋದ' ಎಂಬ ಹೆಸರಿನಲ್ಲಿದೆ. ಬೆವರು ಜಟ್ಟಿಯದು, ವಿನೋದ ನೋಡುವ ದೊರೆಯದು. ಆದರೂ ಎತ್ತುವವನಿಗೆ ಹೊಟ್ಟೆ ತುಂಬ ಹಾಕಬೇಕೆಂಬುದು ಆ ದೊರೆಗೆ ತಿಳಿದಿತ್ತು. ನಮ್ಮ ದಲ್ಲಾಳಿ ಅಂಗಡಿಗಳಿಗೆ ಅದೂ ತಿಳಿಯಲಿಲ್ಲ. ಹಾಗಾಗಿ ಬಿಡುವಿದ್ದವರಿಗೆ ಮಾತ್ರ ಈ ಸುಖ ಸಿಗುತ್ತಿದೆ ಎಂದರೆ ಸುಖವನ್ನೇ ಹೀಯಾಳಿಸಿ ಏನು ಫಲ? ಬಿಡುವನ್ನು ಹಂಚಲು ಕೇಳಬೇಕು. ಹಮಾಲಿಯ ಚೀಲ ಹಗುರಾಗಬೇಕು, ಹೊತ್ತು ಕಡಿಮೆಯಾಗಬೇಕು, ಮಂಡಿಗೆ ಚಿಕಿತ್ಸೆ ಸಿಗಬೇಕು. ಸಂಜೆ ಅವನಿಗೂ ಅವನ ಹೆಂಡತಿಗೂ ಮಗಳಿಗೂ ಮನಸ್ಸು ಬಂದರೆ ಎತ್ತಲು, ಬೇಡವೆಂದರೆ ಮಲಗಲು ಶಕ್ತಿ ಉಳಿದಿರಬೇಕು. 'ನಮ್ಮ ಹಿರಿಯರಿಗೆ ಜಿಮ್ ಬೇಕಿರಲಿಲ್ಲ' ಎಂಬ ಹೊಗಳಿಕೆ ಈ ಕೇಳಿಕೆಯ ಬಾಯಿ ಮುಚ್ಚಿಸುತ್ತದೆ. ನನ್ನ ಸಿಟ್ಟು ಅದಕ್ಕೆ.

ಈ ಯುಗಾದಿಗೆ ಊರಿಗೆ ಹೋಗಿದ್ದೆ. ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಅಪ್ಪನ ಜೊತೆ ಕೂತಿದ್ದಾಗ, ಗೋಡೆಯ ಬದಿಗೆ ಮಣ್ಣಲ್ಲಿ ಅರ್ಧ ಹೂತ ಒಂದು ದುಂಡು ಕಲ್ಲನ್ನು ತೋರಿಸಿ, "ಅದನ್ನ ಎತ್ತತಿದ್ದೆ ನಾನು" ಎಂದರು. ಲಗ್ನಕ್ಕೆ ಮುಂಚೆ, ಯಾರ್ಡಿಗೆ ಸೇರುವ ಮುಂಚೆ, ಹಬ್ಬದ ದಿನ ಹುಡುಗರೆಲ್ಲ ಸೇರಿ ಗುಂಡು ಎತ್ತುತ್ತಿದ್ದರಂತೆ. ಮೊದಲು ಮೊಣಕಾಲಿಗೆ ತರಬೇಕು, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ. ಅಪ್ಪನಿಗೆ ಅದು ಮೂರನೇ ವರ್ಷಕ್ಕೆ ಎದ್ದಿತಂತೆ. ಯಾರು ಹಲಗೆ ಬಾರಿಸುತ್ತಿದ್ದರು, ಯಾರು ಕಲ್ಲಿಗೆ ಎಣ್ಣೆ ಸವರಿ ಮೋಸ ಮಾಡಿದ್ದರು, ಎಲ್ಲ ನೆನಪಿದೆ ಅವರಿಗೆ. ಮೂವತ್ತು ವರ್ಷ ಹೊತ್ತ ಲಕ್ಷಾಂತರ ಚೀಲಗಳಲ್ಲಿ ಒಂದರ ಬಗ್ಗೆಯೂ ಅಪ್ಪ ಹೀಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

"ನೀ ಹೆಂಗ ಎತ್ತತೀ, ತೋರ್ಸು" ಎಂದರು. ಬಗ್ಗಿ ತೋರಿಸಿದೆ. "ಸೊಂಟದಿಂದ ಬ್ಯಾಡವ್ವಾ, ತೊಡೆಯಿಂದ ಎತ್ತು" ಎಂದು ಕೂತಲ್ಲಿಂದಲೇ ಕೈಯಾಡಿಸಿ ತಿದ್ದಿದರು. ಗೆಳತಿ ಹೇಳಿದ್ದೂ ಅದೇ ಮಾತು.

ಊಟದ ಸಾಲಿನಲ್ಲಿ ಕೇಳಿದ ಹಿರಿಯರಿಗೆ ಈಗ ಉತ್ತರ ಹೇಳಬಲ್ಲೆ. ಸರ್, ನಮ್ಮ ಹಿರಿಯರೂ ಜಿಮ್‌ಗೆ ಹೋಗುತ್ತಿದ್ದರು. ಅದು ಹನುಮಪ್ಪನ ಗುಡಿಯ ಮುಂದಿತ್ತು. ಕೂಲಿ ಶುರುವಾದ ಮೇಲೆ ಹೋಗಲಾಗಲಿಲ್ಲ.